ಒಂದು ದಿನದ ಕೂಲಿಯ ಕತ್ತಿ

ಸಾಗರದ ಮನೆ
ಮೇ ಕೊನೆಯ ವಾರ

ಪ್ರೀತಿಯ ಪುಟ್ಟಿ,

ಪೊಟ್ಟಣ ಬಿಚ್ಚುವ ಮೊದಲು ಈ ಕಾಗದ ಓದು. ಒಳಗಿರುವುದು ಕತ್ತಿ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮಡಿಸಿ, ಗೋಣಿ ದಾರದಲ್ಲಿ ಹೊಲಿದು ಒರೆ ಮಾಡಿದ್ದೇನೆ. ಬಾಯಿ ಒರೆಯೊಳಗೇ ಇದೆ, ಆದರೂ ಹಿಡಿಯ ಕಡೆಯಿಂದಲೇ ಎಳೆ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಅಂತ ನಿನ್ನ ಅಜ್ಜಿ ಯಾವಾಗಲೂ ನೆಲದ ಮೇಲಿಟ್ಟು "ತಗೋ" ಅನ್ನುತ್ತಿದ್ದಳು. ನಾನು ಇಲ್ಲಿ ಇಟ್ಟಿದ್ದೇನೆ, ನೀನು ಬೆಂಗಳೂರಲ್ಲಿ ಎತ್ತಿಕೋ.

ಕೆಲವು ವಾರಗಳ ಹಿಂದೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗಲೇ ಇಲ್ಲ. ಹೊಸ ಮನೆಗೆ ಅಂತ ಆರು ಚಾಕುಗಳ ಸೆಟ್ಟು ತರಿಸಿದೆ, ಸಿಹಿಗುಂಬಳ ಒಡೆಯಲು ಹೋದರೆ ದೊಡ್ಡ ಚಾಕು ಹಿಡಿಯ ಬುಡದಲ್ಲೇ ಬಾಗಿತು, ಜಾರಿ ಹೆಬ್ಬೆರಳು ಕೊಯ್ದಿತು ಅಂದೆ. ಗಾಯ ಸಣ್ಣದು ಅಂತ ನೀನೇ ನನಗೆ ಸಮಾಧಾನ ಹೇಳಿದೆ. ಆದರೆ ಪುಟ್ಟಿ, ಕೈ ಕೊಯ್ಯುವುದು ಮೊಂಡು ಕತ್ತಿಯೇ. ಹರಿತವಾದದ್ದಕ್ಕೆ ಬಲ ಬೇಡ, ನೀನು ಕಳಿಸಿದ ಕಡೆ ಹೋಗುತ್ತದೆ. ಮೊಂಡಾದದ್ದನ್ನು ಒತ್ತಬೇಕು, ಒತ್ತಿದಾಗಲೇ ಅದು ಜಾರುವುದು. ನಮ್ಮ ಮನೆಯಲ್ಲಿ ಹುಟ್ಟಿದ ಹುಡುಗಿ ಮೊಂಡು ಚಾಕುವಿನಲ್ಲಿ ಕುಂಬಳಕಾಯಿ ಜೊತೆ ಗುದ್ದಾಡುತ್ತಿದ್ದಾಳೆ ಅನ್ನುವುದು ನನಗೆ ತಡೆಯಲಾಗಲಿಲ್ಲ. ಮಾರನೆ ದಿನವೇ ಆಚಾರ್ರ ಕುಲುಮೆಗೆ ಹೋದೆ.

ಆದರೆ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ "ನನಗೊಂದು ಚಾಕು" ಅನ್ನುವುದು ಸುಲಭವಲ್ಲ. ಮಳೆ ಹಿಡಿಯುವ ಮೊದಲು ಊರಿನ ಅಷ್ಟೂ ಗುದ್ದಲಿ, ಹಾರೆ, ಕುಡುಗೋಲು, ಸೊಪ್ಪಿನ ಕತ್ತಿ ಅಲ್ಲಿಗೆ ಬಂದು ಬಿದ್ದಿರುತ್ತವೆ. ನನ್ನ ಮುಂದೆ ಹನ್ನೊಂದು ಮನೆಯ ಸಾಮಾನಿತ್ತು. "ಅಮ್ಮ, ಗದ್ದೆಯವರದ್ದು ಮೊದಲು. ನಿಮ್ಮ ಹುಡುಗಿಯ ಕುಂಬಳಕಾಯಿ ಹದಿನೈದು ದಿನ ಕಾಯತ್ತೆ, ಮಳೆ ಕಾಯಲ್ಲ" ಅಂದರು. ನ್ಯಾಯವೇ. ಹಾಗಾಗಿ ಕಾದೆ. ಪೇಟೆಗೆ ಹೋದಾಗೆಲ್ಲ ಅಲ್ಲಿ ಇಳಿದು, ಬಾಗಿಲ ಪಕ್ಕದ ಮರದ ದಿಮ್ಮಿಯ ಮೇಲೆ ಕೂತು ನೋಡುತ್ತಿದ್ದೆ. ಐವತ್ತು ವರ್ಷ ಈ ಊರಲ್ಲಿ ಕತ್ತಿ ಹಿಡಿದು ಬದುಕಿದವಳು ನಾನು. ಕತ್ತಿ ಹುಟ್ಟುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದು ಇದೇ ಮೊದಲು. ಅದನ್ನೇ ನಿನಗೆ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ನಿನಗೆ ಆ ಕುಲುಮೆ ನೆನಪಿರಬೇಕು. ಆರು ವರ್ಷದವಳಿದ್ದಾಗ ಅಪ್ಪನ ಜೊತೆ ಬಂದು ಕಿವಿ ಮುಚ್ಚಿಕೊಂಡು ನಿಂತಿದ್ದೆ. ಆಗ ಚರ್ಮದ ತಿದಿ ಇತ್ತು, ಆಚಾರ್ರ ತಾಯಿ ಒತ್ತುತ್ತಿದ್ದರು. ಈಗ ತಿದಿಯ ಜಾಗದಲ್ಲಿ ಕರೆಂಟಿನ ಗಾಳಿ ಯಂತ್ರ. ಉಳಿದದ್ದೆಲ್ಲ ಹಾಗೇ ಇದೆ. ಇದ್ದಿಲ ಒಲೆ, ಮರದ ಕೊರಡಿನಲ್ಲಿ ಹುಗಿದ ಅಡಿಗಲ್ಲು, ಗೋಡೆಗೆ ಸಾಲಾಗಿ ಇಕ್ಕಳಗಳು, ಮೂಲೆಯಲ್ಲಿ ಕಪ್ಪು ನೀರಿನ ಕಲ್ಲು ಮರಿಗೆ. ಆಚಾರ್ರ ಹೆಂಡತಿ ಸಮ್ಮಟಿಗೆ ಬೀಸುತ್ತಾರೆ. ಆಚಾರ್ರು ಸಣ್ಣ ಸುತ್ತಿಗೆಯಲ್ಲಿ ಎಲ್ಲಿ ಮುಟ್ಟುತ್ತಾರೋ ಅಲ್ಲಿಗೇ ಇವರ ಸಮ್ಮಟಿಗೆ ಬೀಳುತ್ತದೆ. ಸುತ್ತಿಗೆ ಬರೀ ಅಡಿಗಲ್ಲಿನ ಮೇಲೆ ಟಣ್ ಅಂದರೆ ನಿಲ್ಲಿಸು ಅಂತ. ಮಾತೇ ಇಲ್ಲ. ಮೂವತ್ತು ವರ್ಷದ ಸಂಸಾರ ಹೀಗೆ ಒಂದರ ಮೇಲೊಂದು ಪೆಟ್ಟು ತಪ್ಪದೆ ನಡೆಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ನಿನ್ನ ಕತ್ತಿ ಮೊದಲು ಲಾರಿಯ ಕೆಳಗಿತ್ತು. ಲಾರಿ ಚಕ್ರದ ಮೇಲೆ ಕಮಾನಿನ ಹಾಗೆ ಬಾಗಿದ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದರ ಒಂದು ಪಟ್ಟಿ. ಪ್ಲೇಟು ಅಂತಾರೆ. ಮುರಿದ ಪ್ಲೇಟುಗಳನ್ನು ಆಚಾರ್ರು ಶಿವಮೊಗ್ಗದ ಗುಜರಿಯಿಂದ ಕೇಜಿ ಲೆಕ್ಕದಲ್ಲಿ ತರುತ್ತಾರೆ. "ಬಾಗಿ ಮತ್ತೆ ನೆಟ್ಟಗಾಗೋದೇ ಅದರ ಕೆಲಸ ಆಗಿತ್ತು, ಆ ಗುಣ ಕತ್ತಿಗೂ ಬೇಕು" ಅಂತ ಅವರು ಹೇಳಿದ್ದು. ಅದರ ಕಾರಣ ನೀನು ಓದಿದವಳು, ಬೇಗ ತಿಳಿದೀತು: ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಪ್ಲೇಟಿನ ಉಕ್ಕಿನಲ್ಲಿ ನೂರು ಕೇಜಿಗೆ ಅರ್ಧ ಕೇಜಿಗಿಂತ ತುಸು ಹೆಚ್ಚು ಇಂಗಾಲ. ಗೇಟು, ಕಿಟಕಿ ಸರಳಿನ ಕಬ್ಬಿಣದಲ್ಲಿ ಕಾಲು ಕೇಜಿಯೂ ಇರುವುದಿಲ್ಲ. ಅಷ್ಟರಲ್ಲೇ ಒಂದು ಕತ್ತಿಯಾಗುತ್ತದೆ, ಇನ್ನೊಂದು ಆಗುವುದಿಲ್ಲ.

ಅವರು ಅದನ್ನು ತಿಳಿಯುವುದು ಕಿಡಿ ನೋಡಿ. ಸಾಣೆ ಚಕ್ರಕ್ಕೆ ಮೊದಲು ಒಂದು ಕಿಟಕಿ ಸರಳು ಹಿಡಿದು ತೋರಿಸಿದರು. ಕಿಡಿ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗಿ ಆರಿತು. ಆಮೇಲೆ ಪ್ಲೇಟು ಹಿಡಿದರು. ಪ್ರತಿ ಗೆರೆಯ ತುದಿಯಲ್ಲೂ ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಹೂ ಒಡೆಯಿತು. "ಹೂ ಬಿಟ್ಟರೆ ಉಕ್ಕು, ಗೆರೆ ಎಳೆದರೆ ಕಬ್ಬಿಣ. ಇಷ್ಟೇ." ಆ ಹೂ ಒಡೆಯುವುದು ಇಂಗಾಲ ಉರಿಯುವುದರಿಂದ. ಪ್ಲೇಟು ಒಳ್ಳೆಯದೇ ಆದರೂ ಅದರ ನಡುವಿನ ಬೋಲ್ಟಿನ ತೂತಿನ ಸುತ್ತಲಿನ ಭಾಗವನ್ನು ಅವರು ಮುಟ್ಟುವುದಿಲ್ಲ. ವರ್ಷಾನುಗಟ್ಟಲೆ ಭಾರ ಹೊತ್ತ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅವು ಹೆಚ್ಚಾಗಿ ಹುಟ್ಟುವುದು ತೂತಿನ ಅಂಚಿನಲ್ಲಿ. ಕಾಯಿಸುವಾಗ ಬಿರುಕು ಸುತ್ತಲಿನ ಕೆಂಪಿನ ನಡುವೆ ಕಪ್ಪು ಕೂದಲಿನ ಹಾಗೆ ಕಾಣುತ್ತದೆ. ನಾನಿದ್ದಾಗಲೇ ಅರ್ಧ ಆದ ಒಂದು ಕತ್ತಿಯಲ್ಲಿ ಅಂಥ ಕೂದಲು ಕಂಡಿತು. ಎರಡು ಗಂಟೆಯ ಕೆಲಸ. ಅವರು ಒಂದು ಮಾತೂ ಆಡದೆ ಅದನ್ನು ಮುರುಕಿನ ರಾಶಿಗೆ ಎಸೆದು ಬೇರೆ ತುಂಡು ಒಲೆಗಿಟ್ಟರು. ಮೇಲೆ ಅರ ಹಾಕಿದ್ದರೆ ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಡಿಯುವುದನ್ನು ನಾನು ಹೆಚ್ಚು ವಿವರಿಸುವುದಿಲ್ಲ. ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸುತ್ತಾರೆ, ಬಡಿಯುತ್ತಾರೆ, ಬಣ್ಣ ಇಳಿದು ಮಂಕಾದರೆ ಮತ್ತೆ ಒಲೆಗೆ. ಮಂಕಾದ ಮೇಲೂ ಬಡಿದರೆ ಸೀಳುತ್ತದೆ. ಹೆಚ್ಚು ಕಾಯಿಸಿ ಬಿಳಿಯಾಗಿ ಕಿಡಿ ಉದುರತೊಡಗಿದರೆ ಉಕ್ಕೇ ಸುಟ್ಟುಹೋಗುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಆಕಾರ ಬಂದ ಮೇಲೆ ಮತ್ತೊಮ್ಮೆ ಕೆಂಪಾಗಿಸಿ, ಬಿಸಿ ಬೂದಿಯೊಳಗೆ ರಾತ್ರಿಯಿಡೀ ಹೂತಿಡುತ್ತಾರೆ. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗುತ್ತದೆ, ಆಗ ಅರ ಕೇಳುತ್ತದೆ. "ಬೂದಿಯಲ್ಲಿ ಮಲಗಿಸೋದು" ಅಂತಾರೆ ಅದಕ್ಕೆ. ಎಂಟು ಕತ್ತಿಗಳು ಬಾಣಂತಿ ಕೋಣೆಯ ಮಕ್ಕಳ ಹಾಗೆ ಬೂದಿಯಲ್ಲಿ ಬೆಚ್ಚಗೆ ಸಾಲಾಗಿ ಮಲಗಿದ್ದವು.

ಎಂಟು ಅಂದೆ ನೋಡು, ಅದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಹದ ಕೊಡುವ ದಿನ ಸಂಜೆ ಬನ್ನಿ ಅಂದಿದ್ದರು. ಮಧ್ಯಾಹ್ನದ ಬೆಳಕಿನಲ್ಲಿ ಬೆಂಕಿಯ ಬಣ್ಣ ಸರಿಯಾಗಿ ಕಾಣುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿ, ಬಲ್ಬು ಆರಿಸಿ ಕೂತೆವು. ಹದ ಅನ್ನುವ ಮಾತನ್ನು ನಾವು ಎಷ್ಟು ಕಡೆ ಆಡುತ್ತೇವೆ ಅಂತ ಅವತ್ತು ಆ ಕತ್ತಲಲ್ಲಿ ಕೂತು ಯೋಚಿಸಿದೆ. ಮಣ್ಣಿಗೆ ಹದ, ಆಲೆಮನೆಯ ಬೆಲ್ಲಕ್ಕೆ ಹದ, ಚಕ್ಕುಲಿ ಹಿಟ್ಟಿಗೆ ಹದ, ಕೊನೆಗೆ ಉಕ್ಕಿಗೂ ಅದೇ. ಎಲ್ಲ ಕಡೆಯೂ ಅದನ್ನು ಹಿಡಿಯುವುದು ಕಣ್ಣು ಮತ್ತು ಕೈ. ಬೆಲ್ಲದ ಪಾಕ ಒಂದು ನಿಮಿಷ ಹೆಚ್ಚಾದರೆ ಏನಾಗುತ್ತದೆ ಅಂತ ನಿನಗೆ ಗೊತ್ತು, ನಮ್ಮ ಮನೆಯ ಕೊಪ್ಪರಿಗೆ ಹತ್ತಿರ ಬೆಳೆದವಳು.

ಕತ್ತಿಯನ್ನು ಒಲೆಯಲ್ಲಿ ಆಚೀಚೆ ಎಳೆಯುತ್ತಾ ಬಾಯಿಯ ಉದ್ದಕ್ಕೂ ಒಂದೇ ಕೆಂಪು ಬರುವ ಹಾಗೆ ನೋಡಿಕೊಂಡರು. ಪಕ್ಕದಲ್ಲಿ ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೇತುಹಾಕಿದ್ದರು. ಕತ್ತಿಯನ್ನು ಅದರ ಹತ್ತಿರ ತಂದರೆ ಮೊದಲು ಅಂಟಿತು. ಮತ್ತೆ ಕಾಯಿಸಿ ತಂದರು, ಅಂಟಲಿಲ್ಲ. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಓಗೊಡುವುದಿಲ್ಲ. ಅಲ್ಲಿಂದ ಇನ್ನೂ ಸ್ವಲ್ಪ ಬಣ್ಣ ಏರಲು ಬಿಟ್ಟು, ಎಣ್ಣೆಯ ಡಬ್ಬದಲ್ಲಿ ಒಂದೇ ಸಲಕ್ಕೆ ನೆಟ್ಟಗೆ ಇಳಿಸಿದರು. ಎಣ್ಣೆ ಭಗ್ ಅಂತ ಹೊತ್ತಿ ಆರಿತು. ಸೊಪ್ಪಿನ ಕತ್ತಿಯಂಥ ದಪ್ಪದ್ದಾದರೆ ಬಾಯಿಯನ್ನಷ್ಟೇ ನೀರಿಗೆ ಮುಟ್ಟಿಸುತ್ತಾರಂತೆ. ತೆಳು ಚಾಕುವಿಗೆ ನೀರು ತೀರಾ ಕಠೋರ, ಆರುವ ರಭಸಕ್ಕೆ ಸೀಳಿಬಿಡುತ್ತದೆ.

ಕೆಂಪಗಿದ್ದಾಗ ಇಂಗಾಲ ಕಬ್ಬಿಣದೊಳಗೆ ಕರಗಿ ಹರಡಿಕೊಂಡಿರುತ್ತದೆ. ಬೂದಿಯಲ್ಲಿ ನಿಧಾನಕ್ಕೆ ಆರಿಸಿದರೆ ಅದಕ್ಕೆ ಹೊರಬಂದು ಬೇರೆ ಕೂರಲು ಸಮಯ ಸಿಗುತ್ತದೆ, ಉಕ್ಕು ಮೆತ್ತಗಾಗುತ್ತದೆ. ಎಣ್ಣೆಯಲ್ಲಿ ತಟ್ಟನೆ ಆರಿಸಿದರೆ ಇದ್ದಲ್ಲೇ ಸಿಕ್ಕಿಬೀಳುತ್ತದೆ, ಉಕ್ಕು ಸೆಟೆದು ಗಟ್ಟಿಯಾಗುತ್ತದೆ. ಆದರೆ ಆ ಗಟ್ಟಿತನ ಗಾಜಿನದ್ದು. ಆ ಸ್ಥಿತಿಯಲ್ಲಿ ಕತ್ತಿ ಕೆಳಗೆ ಬಿದ್ದರೆ ಚೂರಾದೀತು. ಅದಕ್ಕೇ ಮತ್ತೆ ಸ್ವಲ್ಪ ಬಿಸಿ ತೋರಿಸಿ ಸೊಕ್ಕು ಇಳಿಸಬೇಕು. ಅವರು ಒಂದು ಬದಿಯನ್ನು ಕಲ್ಲಿನಲ್ಲಿ ತಿಕ್ಕಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಕೆಂಡದ ಮೇಲೆ ಹಿಡಿದರು. ಆಗ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಪುಟ್ಟಿ. ಬೆಳ್ಳಿಯಂಥ ಉಕ್ಕಿನ ಮೇಲೆ ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ನಡೆದುಬಂದವು. ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಬೆಲ್ಲದ ಕಂದು, ಅದರ ಹಿಂದೆ ನೇರಳೆ ಹಣ್ಣಿನ ಬಣ್ಣ, ಕೊನೆಗೆ ನವಿಲು ನೀಲಿ. ಬಿಸಿಗೆ ಮೇಲೆ ಕಟ್ಟುವ ಪೊರೆ ದಪ್ಪವಾಗುತ್ತಾ ಹೋದ ಹಾಗೆ ಬಣ್ಣ ಬದಲಾಗುತ್ತದೆ, ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವ ಹಾಗೆ. ಹುಲ್ಲಿನ ಬಣ್ಣ ಬಾಯಿಯ ಅಂಚು ಮುಟ್ಟಿದ ಕ್ಷಣಕ್ಕೆ ನೀರಿಗೆ ಅದ್ದಿಬಿಟ್ಟರು. ಅದು 220, 230 ಡಿಗ್ರಿಯ ಆಸುಪಾಸು. ಅಡುಗೆಮನೆಯ ಕತ್ತಿಗೆ ಹುಲ್ಲಿನ ಬಣ್ಣ, ಮರ ಕಡಿಯುವ ಕತ್ತಿಗೆ ನೇರಳೆ. ಬಡಿತ ತಿನ್ನುವ ಕತ್ತಿ ಸ್ವಲ್ಪ ಮೆತ್ತಗಿರಬೇಕು, ಇಲ್ಲವಾದರೆ ಬಾಯಿ ಹಲ್ಲು ಬೀಳುತ್ತದೆ. ಈಗ ನಿನ್ನ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡು. ಹಿಡಿಯ ಹತ್ತಿರ ಬೆನ್ನಿನಲ್ಲಿ ಒಂದು ಚೂರು ನೇರಳೆ ಉಳಿದಿದೆ. ಅದನ್ನು ಉಜ್ಜಿಬಿಡುತ್ತೇನೆ ಅಂದರು, ನಾನೇ ಬೇಡ ಅಂದೆ. ನೀನು ನೋಡಲಿ ಅಂತ.

ಆ ಸಂಜೆ ಅವರಿಗೆ ಒಂದು ಕತೆ ಹೇಳಿದೆ. ನೀನು ಕಾಲೇಜಿಗೆ ಹೋಗುವಾಗ ಇಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ಮಳೆಗಾಲದಲ್ಲಿ ಒಂದೊಂದೇ ಓದುತ್ತಿರುತ್ತೇನೆ. ನಮ್ಮ ಕಡೆಯ ಮೂಸೆಯ ಉಕ್ಕನ್ನು ಇಂಗ್ಲಿಷರು ವೂಟ್ಸ್ ಅಂತ ಕರೆದರು, ಅದು ನಮ್ಮ 'ಉಕ್ಕು' ಶಬ್ದವೇ ತಿರುಚಿದ್ದು ಅನ್ನುತ್ತಾರೆ. 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ್ದರು. ಟಿಪ್ಪು ಸತ್ತ ಮಾರನೆ ವರ್ಷ ಮೈಸೂರು ಸೀಮೆ ಸುತ್ತಿದ ಬುಕಾನನ್ ಇಲ್ಲಿ ಕಬ್ಬಿಣ ಕರಗಿಸುವವರನ್ನು, ಉಕ್ಕು ಮಾಡುವವರನ್ನು ಕಂಡು ವಿವರವಾಗಿ ಬರೆದಿಟ್ಟ. ಆಮೇಲೆ 1820ರ ಸುಮಾರಿಗೆ ಮೈಕೇಲ್ ಫ್ಯಾರಡೆ, ಕರೆಂಟಿನ ಅದೇ ಫ್ಯಾರಡೆ, ಸ್ಟೋಡಾರ್ಟ್ ಎಂಬ ಕತ್ತಿ ಕತ್ತರಿ ಮಾಡುವವನ ಜೊತೆ ಸೇರಿ ವೂಟ್ಸ್ ಹೇಗಾಗುತ್ತದೆ ಅಂತ ವರ್ಷಗಟ್ಟಲೆ ಪ್ರಯೋಗ ಮಾಡಿದ. ಆ ಫ್ಯಾರಡೆ ಕಮ್ಮಾರನ ಮಗ ಅಂತ ನಾನು ಹೇಳಿದಾಗ ಆಚಾರ್ರು ಇಕ್ಕಳ ಕೆಳಗಿಟ್ಟರು. "ಹಾಗಾದರೆ ಬೆಂಕಿ ಬಣ್ಣ ಚಿಕ್ಕಂದಿನಲ್ಲೇ ನೋಡಿರ್ತಾರೆ" ಅಂದರು, ಪಕ್ಕದೂರಿನ ನೆಂಟರ ವಿಷಯ ಆಡುವ ಹಾಗೆ. ಅವರ ಅಜ್ಜನ ಕಾಲಕ್ಕೆ ಭದ್ರಾವತಿಯ ಕಬ್ಬಿಣ ಬರುತ್ತಿತ್ತಂತೆ. 1923ರಲ್ಲಿ ಆ ಕಾರ್ಖಾನೆಯ ಊದುಕುಲುಮೆ ಶುರುವಾದಾಗ ಅದರ ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ನಮ್ಮ ಮಲೆನಾಡಿನ ಕಾಡಿನ ಇದ್ದಿಲು. ನಮ್ಮ ಕಾಡು ಎಷ್ಟೋ ಕತ್ತಿ ಗುದ್ದಲಿಗಳೊಳಗೆ ಹೀಗೆ ಕೂತಿದೆ.

ಈಗ ಬೆಲೆಯ ವಿಷಯ. ಈ ಕತ್ತಿಗೆ ಅವರು ತೆಗೆದುಕೊಂಡದ್ದು 400 ರೂಪಾಯಿ.

ನಾನು ಸಾವಿರ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ನನಗೆ ಸಿಟ್ಟೇ ಬಂತು. ಅಡಿಕೆಯ ಲೆಕ್ಕ ಬರೆದು ಬರೆದು ರೂಢಿಯಾದವಳು ನಾನು, ಅಲ್ಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರ ಲೆಕ್ಕ ಹಾಕಿ ತೋರಿಸಿದೆ. ಪ್ಲೇಟು 40, ಇದ್ದಿಲು 80, ಹಿಡಿ ಮತ್ತು ಅಣಸು 20, ಕರೆಂಟು, ಅರ, ಸಾಣೆ ಚಕ್ರದ ಸವಕಲು 20. ಒಟ್ಟು 160. ಉಳಿದದ್ದು 240, ಅದು ಇಬ್ಬರು ಸೇರಿ ಒಂದು ದಿನ ದುಡಿದದ್ದಕ್ಕೆ. ತೋಟಕ್ಕೆ ಬರುವ ಆಳಿನ ಕೂಲಿಯ ಮೂರನೇ ಒಂದು ಪಾಲೂ ಇಲ್ಲ ಆಚಾರ್ರೇ, ಇದು ಹೇಗೆ ಸರಿ ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು ನನ್ನ 240ರ ಪಕ್ಕದಲ್ಲಿ 8 ಅಂತ ಬರೆದರು. "ಒಂದೇ ಕತ್ತಿ ಮಾಡಿದರೆ ನೀವು ಹೇಳಿದ ಲೆಕ್ಕ. ನಾನು ಯಾವತ್ತೂ ಒಂದು ಮಾಡಲ್ಲ ಅಮ್ಮ. ಎಂಟು ಮಾಡ್ತೇನೆ, ಎರಡು ದಿನಕ್ಕೆ. ಬೆಂಕಿ ಒಂದಕ್ಕೂ ಅಷ್ಟೇ ಉರಿಯೋದು, ಎಂಟಕ್ಕೂ ಅಷ್ಟೇ ಉರಿಯೋದು." ಒಂದು ಬಡಿಯುವಾಗ ಎರಡು ಕಾಯುತ್ತಿರುತ್ತವೆ. ಬೂದಿಯಲ್ಲಿ ಎಲ್ಲ ಒಟ್ಟಿಗೆ ಮಲಗುತ್ತವೆ. ಅರದ ಕೆಲಸ ಎಲ್ಲಕ್ಕೂ ಒಂದೇ ದಿನ, ಹದ ಎಲ್ಲಕ್ಕೂ ಒಂದೇ ಸಂಜೆ. 1,920 ರೂಪಾಯಿ, ಇಬ್ಬರಿಗೆ, ಎರಡು ದಿನ. ತಲೆಗೆ ದಿನಕ್ಕೆ 480, ಇದ್ದಿಲಿನಲ್ಲಿ ಉಳಿಯುವುದು ಬೇರೆ. ನನ್ನ ಲೆಕ್ಕ ನನ್ನ ಕಣ್ಣೆದುರೇ ಬದಲಾಯಿತು. ನಾನು ಕಾದ ಹದಿನೈದು ದಿನವೂ ಆಗ ಅರ್ಥವಾಯಿತು. ಗದ್ದೆಯವರ ಸಾಮಾನು ಮುಗಿದ ಮೇಲೂ ನಿನ್ನ ಕತ್ತಿ ಇನ್ನು ಏಳು ಕತ್ತಿಗಳ ಜೊತೆ ಸೇರಲು ಕಾಯುತ್ತಿತ್ತು.

ಇನ್ನೊಂದು ಗಮನಿಸಿದೆ, ಅದನ್ನು ಅವರು ಹೇಳಲಿಲ್ಲ. ಎಲ್ಲಿ ಕೆಲಸ ಮಾಡಬಾರದು ಅಂತ ಅವರಿಗೆ ಗೊತ್ತು. ಹದದ ಬಣ್ಣ ನೋಡಲು ತಿಕ್ಕಿದಷ್ಟು ಬಿಟ್ಟರೆ ನಿನ್ನ ಕತ್ತಿಯ ಎರಡೂ ಬದಿ ಕಪ್ಪಗೆ, ಸುತ್ತಿಗೆಯ ಗುಳಿಗಳ ಸಮೇತ ಹಾಗೇ ಇದೆ. ಒಲೆಯ ಕಪ್ಪು ಅದು. ಅದನ್ನು ಕನ್ನಡಿಯ ಹಾಗೆ ಹೊಳೆಸಬಹುದು, ಮೂರು ಗಂಟೆ ಬೇಕು, ಕುಂಬಳಕಾಯಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಹಿಡಿ ಪೇರಲೆ ಮರದ್ದು, ಬಣ್ಣವಿಲ್ಲ, ಕೆತ್ತನೆಯಿಲ್ಲ. ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಸುಟ್ಟು ಇಳಿಸಿ, ಅರಗು ತುಂಬಿ, ಅಣಸು ಹೊಡೆದಿದ್ದಾರೆ. ಆ ಬಾಲ ಹಿಡಿಯ ಮುಕ್ಕಾಲು ಉದ್ದ ಒಳಗೆ ಹೋಗಿದೆ. ನಿನ್ನ ಹಳೆಯ ಚಾಕು ಬಾಗಿದ ಜಾಗವಿದೆಯಲ್ಲ, ಇಲ್ಲಿ ಅಲ್ಲೇ ಅತಿ ದಪ್ಪ. ಹದ, ಬಾಯಿ, ಬಾಲ, ಈ ಮೂರರಲ್ಲಿ ಅವರು ಒಂದು ಕಾಸಿನಷ್ಟೂ ಬಿಟ್ಟುಕೊಡಲಿಲ್ಲ. ಉಳಿದ ಕಡೆಯೆಲ್ಲ ಕೈ ಹಿಂದೆ ತೆಗೆದರು. ಅಗ್ಗದ ಕತ್ತಿ ಅಂದರೆ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಕದ್ದದ್ದು ಅಂತಲೇ ನಾನು ತಿಳಿದಿದ್ದೆ.

ಆದರೂ 400 ಯಾಕೆ, 600 ಯಾಕಲ್ಲ ಅಂತ ಬಿಡದೆ ಕೇಳಿದೆ. ಅದಕ್ಕೆ ಅವರ ಹೆಂಡತಿ ಉತ್ತರ ಹೇಳಿದರು. ಅವರ ಮಾವನ ಕಾಲದಿಂದ ಬಂದ ಒಂದು ಕಟ್ಟು ಇದು: ಕೈಗತ್ತಿಯ ಬೆಲೆ ಹೆಣ್ಣಾಳಿನ ಒಂದು ದಿನದ ಕೂಲಿ ದಾಟಬಾರದು. ಅದಕ್ಕೂ ಹಿಂದೆ ದುಡ್ಡೇ ಇರಲಿಲ್ಲ, ವರ್ಷಕ್ಕೊಮ್ಮೆ ಕಣದಲ್ಲಿ ಆಯದ ಭತ್ತ. ದುಡ್ಡು ಬಂದ ಮೇಲೆ ಅಳತೆ ಏನು ಅಂತ ಆ ಹಿರಿಯರು ಯೋಚಿಸಿ ಇದನ್ನು ಹಿಡಿದರಂತೆ. ಕೂಲಿ ಏರಿದರೆ ಕತ್ತಿ ಏರುತ್ತದೆ. ಈಗ ನಮ್ಮ ಕಡೆ 400, ಹಾಗಾಗಿ ಕತ್ತಿಯೂ 400. "ಎರಡು ದಿನ ದುಡಿದರೆ ಒಂದು ಕತ್ತಿ ಅಂತಾದ್ರೆ ಅವಳು ಕೊಳ್ಳಲ್ಲ ಅಮ್ಮ. ಸವೆದದ್ದನ್ನೇ ಮಸೀತಾ ಕೂರ್ತಾಳೆ" ಅಂದರು ಆಕೆ.

ಕಾಗದ ಇಲ್ಲಿಯವರೆಗೆ ಬಂದಾಗ ಎದ್ದು ಹೋಗಿ ಅಜ್ಜಿಯ ಮೆಟ್ಟುಗತ್ತಿ ತಂದು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅದನ್ನು ಮಾಡಿದ್ದು ಇದೇ ಆಚಾರ್ರ ಅಪ್ಪ. ನಲವತ್ತು ವರ್ಷ ಮಸೆದು ಮಸೆದು ಅರ್ಧ ಸವೆದು, ಬಿದಿಗೆಯ ಚಂದ್ರನ ಹಾಗೆ ತೆಳ್ಳಗಾಗಿದೆ. ಅಡಿಕೆ ಸುಲಿಯುವ ರಾತ್ರಿಗಳು ನಿನಗೆ ಅಷ್ಟು ಗೊತ್ತಿಲ್ಲ, ನೀನು ದೊಡ್ಡವಳಾಗುವಷ್ಟರಲ್ಲಿ ಯಂತ್ರ ಬಂದಿತ್ತು. ಅಂಗಳದ ಚಪ್ಪರದ ಕೆಳಗೆ ಲಾಟೀನಿನ ಬೆಳಕಿನಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಸಾಲಾಗಿ ಕೂರುತ್ತಿದ್ದರು. ಕೂಲಿ ಡಬ್ಬದ ಲೆಕ್ಕದಲ್ಲಿ. ಒಂದೊಂದು ಅಡಿಕೆಗೂ ಮೂರು ನಾಲ್ಕು ಸಲ ಕೈ ಆಡಬೇಕು. ಕತ್ತಿ ಚೂಪಾಗಿದ್ದವಳು ಹನ್ನೊಂದು ಗಂಟೆಗೆ ನಾಲ್ಕನೇ ಡಬ್ಬ ತುಂಬುತ್ತಿದ್ದಳು. ಮೊಂಡಾಗಿದ್ದವಳು ಮೂರರಲ್ಲೇ ಇರುತ್ತಿದ್ದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು. ಮಾರನೆ ದಿನ ಲೆಕ್ಕ ಬರೆಯುತ್ತಿದ್ದವಳು ನಾನು. ಆ ಒಂದು ಡಬ್ಬದ ವ್ಯತ್ಯಾಸ ಕೈಯ ಚುರುಕಿನದ್ದು ಅಂತಲೇ ಅಂದುಕೊಂಡು ಇಷ್ಟು ವರ್ಷ ಬರೆದೆ. ಅದರಲ್ಲಿ ಕತ್ತಿಯ ಪಾಲೆಷ್ಟು ಅಂತ ಒಂದು ದಿನವೂ ಕೇಳಲಿಲ್ಲ. ಆ ಹೆಂಗಸರ ಕೂಲಿಯನ್ನು ಅಳತೆಗೋಲು ಮಾಡಿಕೊಂಡು ಬೆಲೆ ಕಟ್ಟಿದ ಮನುಷ್ಯ, ನಮ್ಮ ಅಂಗಳಕ್ಕೆ ಬಾರದೆಯೇ ನನಗಿಂತ ಚೆನ್ನಾಗಿ ಅದನ್ನು ನೋಡಿದ್ದರು.

ಇಷ್ಟೆಲ್ಲ ಆದ ಮೇಲೂ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ, ನಿನ್ನ ಹತ್ತಿರ ಮುಚ್ಚಿಡುವುದೇನು. ಮೂವತ್ತು ವರ್ಷದ ಕಣ್ಣಿಗೆ ದಿನಕ್ಕೆ 480 ಸಾಲದು. ಅವರ ಮಗ ಶಿವಮೊಗ್ಗದಲ್ಲಿ ಗೇಟು, ಕಿಟಕಿ ಬೆಸೆಯುವ ಕೆಲಸಕ್ಕೆ ಹೋಗುತ್ತಾನೆ, ಅಪ್ಪನಿಗಿಂತ ಹೆಚ್ಚು ತರುತ್ತಾನೆ. ರಜೆಯಲ್ಲಿ ಬಂದಾಗ ಹದ ಕೊಡುವುದನ್ನು ಅವನಿಗೇ ಬಿಡುತ್ತಾರಂತೆ, ಬಣ್ಣ ಮರೆಯದಿರಲಿ ಅಂತ. ಕೇಂದ್ರ ಸರ್ಕಾರ 2023ರಲ್ಲಿ ಶುರುಮಾಡಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಸಲಕರಣೆಗೆ 15,000 ರೂಪಾಯಿಯ ನೆರವಿದೆ. ಅದರ ಅರ್ಜಿಯನ್ನು ಅವರ ಜೊತೆ ಹೋಗಿ ನಾನೇ ತುಂಬಿಸಿ ಬಂದೆ. ಬೇಸಿಗೆಯ ಸಾಮಾನು ಮುಗಿದ ಮೇಲೆ, ಶ್ರಾವಣದಲ್ಲಿ ಕುಲುಮೆ ಖಾಲಿ ಇರುವಾಗ, ಪಟ್ಟಣದವರಿಗೆ ಅಂತ ಇಂಥ ಚಾಕುಗಳನ್ನು ಬೇರೆ ಬೆಲೆಗೆ ಮಾಡಿ ಅಂತಲೂ ಹೇಳಿದ್ದೇನೆ. ಹೆಣ್ಣಾಳಿನ ಕೂಲಿ ಹೆಣ್ಣಾಳಿಗೆ ಅಳತೆಯಾಗಿರಲಿ, ಬೆಂಗಳೂರಿನವರಿಗೆ ಅವರವರ ಒಂದು ದಿನದ ಸಂಬಳ ಅಳತೆಯಾಗಲಿ. ನಕ್ಕರು, ಇಲ್ಲ ಅನ್ನಲಿಲ್ಲ. ನಿನ್ನ ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸು. ಎಂಟು ಜನ ಆದರೆ ಫೋನು ಮಾಡು.

ಇದರ ಆಕಾರ ನಿನಗೆ ವಿಚಿತ್ರ ಅನ್ನಿಸಬಹುದು. ನಮ್ಮದು ಕೂತು ಹೆಚ್ಚುವ ಮನೆ. ಇಲ್ಲಿ ಕತ್ತಿ ನಿಂತಿರುತ್ತದೆ, ತರಕಾರಿ ಹಿಡಿದ ಎರಡೂ ಕೈ ಅದರ ಹತ್ತಿರ ಹೋಗುತ್ತವೆ. ನಿನ್ನದು ನಿಂತು ಹೆಚ್ಚುವ ಅಡುಗೆಮನೆ, ಅಲ್ಲಿ ತರಕಾರಿ ಕೂತಿರುತ್ತದೆ, ಕತ್ತಿ ಓಡಾಡುತ್ತದೆ. ಅದಕ್ಕೆ ಬೆರಳಿನ ಗೆಣ್ಣು ಹಲಗೆಗೆ ತಾಗದ ಹಾಗೆ ಅಗಲದ ಬಾಯಿ ಬೇಕು. ಆಚಾರ್ರು ರಟ್ಟಿನಲ್ಲಿ ಮೂರು ಆಕಾರ ಕತ್ತರಿಸಿ, ನನ್ನನ್ನು ಅವರ ಮೇಜಿನ ಮುಂದೆ ನಿಲ್ಲಿಸಿ, ಸೌತೆಕಾಯಿ ಹೆಚ್ಚುವ ಹಾಗೆ ಕೈ ಆಡಿಸಿ ನೋಡಿದರು. ಯಾವ ಕೈ ಅಂತಲೂ ಕೇಳಿದರು. ಎಡಗೈ ಅಂದೆ. ಸೊಪ್ಪಿನ ಕತ್ತಿಯ ಹಾಗೆ ಒಂದೇ ಬದಿಗೆ ಬಾಯಿ ಕೊಟ್ಟಿದ್ದರೆ ನಿನ್ನ ಕೈಯಲ್ಲಿ ಅದು ಓರೆಗೆ ಎಳೆಯುತ್ತಿತ್ತು. ಎರಡೂ ಬದಿಗೆ ಸಮನಾಗಿ ಕೊಟ್ಟಿದ್ದಾರೆ.

ನೋಡಿಕೊಳ್ಳುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಇದು ತುಕ್ಕು ಹಿಡಿಯುವ ಉಕ್ಕು. ಸ್ಟೀಲು ತುಕ್ಕು ಹಿಡಿಯಬಾರದು ಅಂದರೆ ಅದರಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ಕ್ರೋಮಿಯಂ ಇರಬೇಕು, ಇದರಲ್ಲಿ ಅಷ್ಟಿಲ್ಲ. ಹಾಗಾಗಿ ರಾತ್ರಿ ಸಿಂಕಿನಲ್ಲಿ ಬಿಡಬೇಡ. ಹೆಚ್ಚಿದ ಕೂಡಲೇ ತೊಳೆದು ಒರೆಸು, ವಾರಕ್ಕೊಮ್ಮೆ ಒಂದು ಹನಿ ಕೊಬ್ಬರಿ ಎಣ್ಣೆ ಸವರು. ಮಾವಿನಕಾಯಿ, ನಿಂಬೆ, ಈರುಳ್ಳಿ ಹೆಚ್ಚಿದಾಗ ಬಾಯಿ ನೀಲಿಗಪ್ಪಾಗುತ್ತದೆ. ಹೆದರಬೇಡ, ಅದು ತುಕ್ಕಲ್ಲ. ಆ ಬಣ್ಣ ಪೂರ್ತಿ ಕೂತ ಮೇಲೆ ತುಕ್ಕು ತಾನೇ ಕಡಿಮೆಯಾಗುತ್ತದೆ. ಬದನೆ, ಬಾಳೆಕಾಯಿ, ಬಾಳೆದಿಂಡು ಇದರಲ್ಲಿ ಹೆಚ್ಚಿದರೆ ಕಪ್ಪಾಗುತ್ತವೆ, ಮಜ್ಜಿಗೆ ನೀರಿಗೆ ಹಾಕು. ಕೆಂಪು ಚುಕ್ಕೆ ಕಂಡರೆ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜು. ನಿನ್ನಲ್ಲಿ ಬೂದಿ ಎಲ್ಲಿಂದ ಬರಬೇಕು ಅಂತ ಒಂದು ಸಣ್ಣ ಪೊಟ್ಟಣ ಇಟ್ಟಿದ್ದೇನೆ. ಮಸೆಯಲು ಕಲ್ಲನ್ನೂ ಇಟ್ಟಿದ್ದೇನೆ. ನೀರು ಚಿಮುಕಿಸಿ, ಬೆನ್ನನ್ನು ಎರಡು ಕಾಸಿನ ದಪ್ಪದಷ್ಟು ಮಾತ್ರ ಎತ್ತಿ, ಬುಡದಿಂದ ತುದಿಗೆ ಎಳೆ. ಆ ಕಡೆ ಹತ್ತು, ಈ ಕಡೆ ಹತ್ತು, ಶನಿವಾರಕ್ಕೊಮ್ಮೆ. ಟೊಮೆಟೊ ಸಿಪ್ಪೆ ಕತ್ತಿಯ ಭಾರಕ್ಕೇ ಸೀಳಬೇಕು. ಸೀಳದಿದ್ದರೆ ಇನ್ನೂ ಹತ್ತು.

ನವರಾತ್ರಿಗೆ ಬರುವಾಗ ಕತ್ತಿಯನ್ನೂ ತಾ. ಆಯುಧಪೂಜೆಗೆ ಅಜ್ಜಿಯ ಮೆಟ್ಟುಗತ್ತಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚೋಣ. ಆಚಾರ್ರೂ ನೋಡಬೇಕಂತೆ, ಬಾಯಿ ಎಲ್ಲಿ ಸವೆದಿದೆ ಅಂತ ನೋಡಿದರೆ ನೀನು ಹೇಗೆ ಹೆಚ್ಚುತ್ತೀಯ ಅಂತ ಅವರಿಗೆ ಗೊತ್ತಾಗುತ್ತದಂತೆ.

ಒಂದು ಕೆಲಸ ಬಾಕಿಯಿದೆ. ಹಿಡಿಯ ದಪ್ಪಕ್ಕೆ ಅವರು ನಿನ್ನ ಕೈಯ ಅಳತೆ ಕೇಳಿದರು, ನನ್ನ ಹತ್ತಿರ ಇರಲಿಲ್ಲ. ನಿನ್ನ ಕೈ ನನ್ನ ಕೈಯ ಹಾಗೇ ಅಂತ ಹೇಳಿ ನನ್ನದನ್ನೇ ಚಾಚಿದೆ. ಅವರು ಹಿಡಿಯನ್ನು ಸ್ವಲ್ಪ ದಪ್ಪಗೇ ಬಿಟ್ಟಿದ್ದಾರೆ, ಕಡಿಮೆ ಮಾಡುವುದು ಸುಲಭ ಅಂತ. ಒಂದು ಹಾಳೆಯ ಮೇಲೆ ಎಡಗೈ ಇಟ್ಟು, ಬೆರಳು ಬಿಡಿಸಿ, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಕಳಿಸು. ಫೋಟೋ ಬೇಡ, ಹಾಳೆಯನ್ನೇ ಕಳಿಸು.

ನಿನ್ನ
ಅತ್ತೆ